ಹಳದಿ ಚಿಂದಿಯ ಸಾಲುಗಳು

ನನ್ನ ಬಾಯಿ ಸ್ವಲ್ಪ ಜೋರು. ನಾನೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಹುನ್ನೂರಿನಲ್ಲಿ ಯಾರಾದರೊಬ್ಬರು ಹೇಳಿಯೇ ತೀರುತ್ತಾರೆ. ಆದರೆ ಆ ಬೇಸಿಗೆಯ ಒಂದು ಸಂಜೆ ನಾನು ಬಾಯಿ ಮುಚ್ಚಿಕೊಂಡು ರೊಟ್ಟಿ ಬಡಿಯುತ್ತಾ ಕೂತಿದ್ದರೆ ನಮ್ಮ ಎರೆಹೊಲದಲ್ಲಿ ಇವತ್ತು ಹತ್ತಿಯ ಬದಲು ಕಬ್ಬು ನಿಂತಿರುತ್ತಿತ್ತು.

ನಮ್ಮದು ಕುರಿ ಮತ್ತು ಹೊಲ ಎರಡನ್ನೂ ನಂಬಿದ ಮನೆತನ, ಬೀರೇಶ್ವರನ ಒಕ್ಕಲು. ಹೊಳೆಯ ಕಡೆಯ ಹೊಲಗಳಿಗೆಲ್ಲ ಕಬ್ಬು ಬಂದು ಎಷ್ಟೋ ವರ್ಷಗಳಾಗಿದ್ದವು. ಮೇಲುಗಡೆಯ ಎರೆಹೊಲವೊಂದೇ ಮಳೆಯನ್ನು ನಂಬಿಕೊಂಡು ಹತ್ತಿ ಬೆಳೆಯುತ್ತಿತ್ತು. ಮನೆಯ ಯಜಮಾನಿಕೆ ನನ್ನ ಭಾವನದು, ಅಂದರೆ ಗಂಡನ ಅಣ್ಣನದು. ಅವತ್ತು ಊಟಕ್ಕೆ ಕೂತವರು ರೊಟ್ಟಿ ಮುರಿಯುತ್ತಾ ಹೇಳಿದರು.

“ಮ್ಯಾಲಿನ ಹೊಲಕ್ಕೂ ಪೈಪ್‌ಲೈನ್ ತರಸೂದೈತಿ. ಇನ್ನ ಮ್ಯಾಲೆ ಅಲ್ಲೂ ಕಬ್ಬ. ಈ ಹತ್ತಿ ಕಟಗೊಂಡು ಸಾಕಾಗೇತಿ. ಪ್ಯಾಟಿಗೆ ಒಯ್ದ್ರ ಎಳಿ ಗಿಡ್ಡ, ಕಸ ಭಾಳ ಅಂತ ಮೂಗು ಮುರೀತಾರ.”

ಕಬ್ಬು ನಮ್ಮ ಮನೆಯೊಳಗೆ ಬರುವ ಬೆಳೆಯಲ್ಲ. ಹೊರಗಿನ ಗ್ಯಾಂಗಿನವರು ಬಂದು ಕಡಿಯುತ್ತಾರೆ, ಟ್ರ್ಯಾಕ್ಟರಿಗೆ ಹೇರುತ್ತಾರೆ, ಅದು ಫ್ಯಾಕ್ಟರಿಗೆ ಹೋಗುತ್ತದೆ. ನಾವು ಹೆಂಗಸರು ಅದರ ಬೆನ್ನನ್ನಷ್ಟೇ ನೋಡುತ್ತೇವೆ. ಹತ್ತಿ ಹಾಗಲ್ಲ. ಒಂದೊಂದು ಕಾಯಿಯೊಳಗಿನದೂ ನಮ್ಮ ಬೆರಳಿನಿಂದಲೇ ಹೊರಗೆ ಬರಬೇಕು. ಆ ಹೊಲ ನನ್ನದು ಅಂತ ಯಾರಿಗೂ ಹೇಳಿದವಳಲ್ಲ ನಾನು, ಆದರೆ ಬಿಳಗಿ ಕಡೆಯ ತವರು ಬಿಟ್ಟು ಸೊಸೆಯಾಗಿ ಬಂದ ವರ್ಷದಿಂದ ಮನಸ್ಸಿನಲ್ಲಿ ಅದು ನನ್ನದೇ ಆಗಿತ್ತು.

“ಎಳಿ ಗಿಡ್ಡಾದ್ರ ಹತ್ತೀದೇನ್ ತಪ್ಪರಿ ಭಾವಾರ? ಬೀಜ ಆರಿಸಿದವರು ಯಾರು?” ಅಂದೆ, ಒಲೆಯ ಮುಂದೆ ಕೂತಲ್ಲಿಂದಲೇ.

ಗಂಡಸರ ಕೈಗಳು ತುತ್ತಿನಲ್ಲೇ ನಿಂತವು. ನಮ್ಮಲ್ಲಿ ಬೀಜ ಊರುವುದು, ಕಳೆ ತೆಗೆಯುವುದು, ಹತ್ತಿ ಬಿಡಿಸುವುದು ಎಲ್ಲವೂ ಹೆಂಗಸರ ಕೆಲಸ. ಬೀಜದ ಅಂಗಡಿಗೆ ಹೋಗುವುದೊಂದು ಮಾತ್ರ ಗಂಡಸರದು. ಅಂಗಡಿಯವನು ಯಾವುದನ್ನು ಹೊಗಳುತ್ತಾನೋ ಅದೇ ಪಾಕೀಟು ಮನೆಗೆ ಬರುತ್ತಿತ್ತು. ಒಂದು ವರ್ಷದ ಹೆಸರು ಇನ್ನೊಂದು ವರ್ಷ ಇರುತ್ತಿರಲಿಲ್ಲ.

“ಹಂಗಾರ ನೀ ಆರಿಸ್ತೀಯೇನು?” ಭಾವ ನಕ್ಕರು.

“ಆರಿಸ್ತೀನ್ರಿ. ಒಂದ ವರ್ಷ ಕೊಡ್ರಿ. ಮೂರು ಥರದ ಬೀಜ ಒಂದ ಹೊಲದಾಗ ಹಾಕೂಣು. ಯಾವುದು ಛಲೋ ಅನ್ನೂದು ತೋರಸ್ತೀನಿ.”

“ಛಲೋ ಅಂದ್ರ ತೂಕ. ಮತ್ತೇನಿರ್ತೈತಿ ಅದರಾಗ?”

“ತಿಮ್ಮಾಪುರದಿಂದ ಆ ನಾಯಿ ತಂದ್ರೆಲ್ಲಾ, ತೂಕ ಮಾಡಿ ತಂದ್ರೇನ್ರಿ?”

ಬಾಗಿಲಲ್ಲಿ ಮಲಗಿದ್ದ ಆ ಮುಧೋಳ ನಾಯಿ ಪಕ್ಕೆಲುಬು ಎಣಿಸುವಷ್ಟು ತೆಳ್ಳಗಿತ್ತು. ಭಾವನಿಗೆ ಅದರ ಮೇಲೆ ಹೆತ್ತ ಮಕ್ಕಳಿಗಿಂತ ಹೆಚ್ಚು ಅಭಿಮಾನ. ಅದರ ಓಟ, ಅದರ ಕಾಲು, ಅದರ ಎದೆ ಅಂತ ಬಂದವರಿಗೆಲ್ಲ ವರ್ಣಿಸುತ್ತಿದ್ದರು. ಎಲೆಅಡಿಕೆ ಮೆಲ್ಲುತ್ತಿದ್ದ ಅತ್ತೆ ನಗು ತಡೆಯಲಾರದೆ ಬಾಯಿಗೆ ಸೆರಗು ಒತ್ತಿಕೊಂಡಳು. ಕಂಬಳಿಗೆ ಉಣ್ಣೆ ನೂಲುತ್ತಲೇ ಮುದುಕಿಯಾದವಳು ಅವಳು, ಮನೆಯಲ್ಲಿ ಭಾವನ ಮಾತಿಗಿಂತ ಮೇಲಿನ ಮಾತು ಅಂತ ಇದ್ದದ್ದು ಅವಳದೊಂದೇ.

“ಕೊಡಲೇ ಅಕಿಗೆ ಒಂದ ವರ್ಷ,” ಅಂದಳು ಮಗನಿಗೆ. “ತೂಕಾನೂ ನೋಡೂಣು, ಎಳೀನೂ ನೋಡೂಣು. ಸೋತ್ಲಂದ್ರ ಕಬ್ಬ ಹಚ್ಚು. ಗೆದ್ಲಂದ್ರ ಆ ಹೊಲದ ಬೀಜ ಅಕೀನ ಆರಿಸ್ಲಿ.”

ನನ್ನ ಗಂಡ ತಲೆಯಾಡಿಸಿದರು. ಅವರು ಎರಡೂ ಕಡೆಯವರಿಗೆ ತಲೆಯಾಡಿಸುವ ಮನುಷ್ಯ.

ಹೀಗೆ ಮೂರು ಬೀಜ ಬಂದವು. ಭಾವ ಆರಿಸಿದ್ದು ದಪ್ಪ ಕಾಯಿಯದು. ಅಕ್ಕಪಕ್ಕದವರೆಲ್ಲ ಹಾಕುತ್ತಿದ್ದ, ಬೇಗ ಕೈಗೆ ಬರುವ ಗಿಡ್ಡ ಗಿಡದ್ದು ಎರಡನೆಯದು. ಮೂರನೆಯದು ನನ್ನದು, ಉದ್ದ ಎಳೆಯದು. ತವರಿಗೆ ಹೋದಾಗ ಪಕ್ಕದ ಹೊಲದಲ್ಲಿ ಅದನ್ನು ಕಂಡಿದ್ದೆ. ಒಂದು ಚಿಟಿಕೆ ಕಿತ್ತು ಎರಡು ಹೆಬ್ಬೆರಳುಗಳ ನಡುವೆ ಎಳೆದರೆ ಎಳೆ ಬಂದೇ ಬಂದಿತ್ತು, ಅತ್ತೆಯ ಕೈಯಲ್ಲಿ ಎಳೆಮರಿಯ ಉಣ್ಣೆ ಬರುವ ಹಾಗೆ. ಗುರುತಿಗೆ ನನ್ನ ಹಳೆಯ ಸೀರೆಗಳನ್ನು ಹರಿದು ಗೂಟಗಳಿಗೆ ಚಿಂದಿ ಕಟ್ಟಿದೆ. ಭಾವನದಕ್ಕೆ ಕೆಂಪು, ಊರಿನವರದಕ್ಕೆ ಹಸಿರು, ನನ್ನದಕ್ಕೆ ಹಳದಿ.

ಬಿತ್ತುವ ದಿನವೇ ಮೊದಲ ಜಗಳ. ಬೇಸಿಗೆಯಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬಿ ನಿಲ್ಲಿಸಿದ್ದು ಹೊಲದ ಕೆಳಗಿನ ಮಗ್ಗುಲಿಗೆ ಮಾತ್ರ. ಭಾವ ಕೆಂಪು ಗೂಟಗಳನ್ನೆಲ್ಲ ಸೀದಾ ಅಲ್ಲಿಗೇ ಹೊತ್ತುಕೊಂಡು ಹೋದರು.

“ಅದೆಂಗ್ರಿ? ನಿಮ್ಮ ಹತ್ತಿಗೆ ಹುಗ್ಗಿ, ನನ್ನ ಹತ್ತಿಗೆ ಅಂಬಲಿ ಏನು?” ಅಂತ ನಾನು ಗೂಟ ಕಿತ್ತೆ.

ಕೆಳಗಿನ ಮಗ್ಗುಲಲ್ಲಿ ಮೂರೂ ಬಣ್ಣ, ನಡುವೆ ಮೂರೂ ಬಣ್ಣ, ಮೇಲೆ ಬಂಡಿದಾರಿಯ ಪಕ್ಕವೂ ಮೂರೂ ಬಣ್ಣ, ಪಟ್ಟಿ ಪಟ್ಟಿಯಾಗಿ. ಗೊಬ್ಬರದ ಪಾಲು ಮೂವರಿಗೂ, ಬರೇ ನೆಲದ ಪಾಲೂ ಮೂವರಿಗೂ. ಇದನ್ನು ನನಗೆ ಯಾರೂ ಕಲಿಸಲಿಲ್ಲ. ತುಂಬಿದ ಮನೆಯಲ್ಲಿ ಮಕ್ಕಳಿಗೆ ಕೆನೆ ಹಂಚಿದ ಯಾವ ಹೆಂಗಸಿಗಾದರೂ ಇಷ್ಟು ಗೊತ್ತಿರುತ್ತದೆ.

ಮೊದಮೊದಲು ನನ್ನ ಹಳದಿ ಸಾಲುಗಳು ನನ್ನ ಮಾನ ಕಳೆದವು. ಹಸಿರಿನದು ಮೊದಲು ಹೂ ಬಿಟ್ಟಿತು. ಕೆಂಪಿನದು ನಿಂಬೆಹಣ್ಣಿನಂಥ ಕಾಯಿ ಕಟ್ಟಿತು. ನನ್ನದಕ್ಕೆ ರಸ ಹೀರುವ ಸಣ್ಣ ಹುಳ ಬಿದ್ದು ಎಲೆಯ ಅಂಚುಗಳು ಮುದುರಿಕೊಂಡವು. ಭಾವ ದಿನಾ ಸಂಜೆ ಹೊಲದಿಂದ ಬಂದು ಕೈಕಾಲು ತೊಳೆಯುವ ಮೊದಲೇ “ನಿನ್ನ ಹಳದಿಗೆ ಜ್ವರ ಬಿಟ್ಟಾವೇನವಾ?” ಅಂತ ಕೇಳುತ್ತಿದ್ದರು. ನಾನು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದೆ. ಬೇವಿನ ಬೀಜ ಕುಟ್ಟಿ ನೆನೆಹಾಕಿ ಸೋಸಿದೆ. ಹೊಡೆಯುವಾಗ ಮೂರೂ ಬಣ್ಣಕ್ಕೂ ಹೊಡೆದೆ, ಯಾಕೆಂದರೆ ಒಂದಕ್ಕೇ ಔಷಧ ಹಾಕಿದರೆ ಹೋಲಿಕೆ ಎಲ್ಲಿ ಉಳಿಯಿತು? ಸೀಗಿ ಹುಣ್ಣಿಮೆಯ ಹೊತ್ತಿಗೆ ಹಳದಿ ಗಿಡಗಳು ತಲೆ ಎತ್ತಿದವು. ಅವತ್ತಿನಿಂದ ಭಾವ ಜ್ವರದ ಮಾತು ಬಿಟ್ಟರು.

ಕಾಯಿ ಬಾಯಿ ಬಿಟ್ಟು ಬಿಡಿಸುವುದು ಶುರುವಾದಾಗ ಇನ್ನೊಂದು ಕಿತಾಪತಿ. ಆಳುಗಳು ನಸುಕಿನಲ್ಲಿ ಬಂದ ತಕ್ಷಣ ಕೆಂಪು ಸಾಲಿಗೇ ಇಳಿಯುತ್ತಿದ್ದರು. ಹಳದಿಗೆ ಬರುವ ಹೊತ್ತಿಗೆ ಬಿಸಿಲು ಏರಿರುತ್ತಿತ್ತು. ಎರಡು ದಿನ ನೋಡಿದೆ, ಮೂರನೆಯ ದಿನ ಹೊಳೆಯಿತು. ಮಂಜಿನಲ್ಲಿ ಬಿಡಿಸಿದ ಹತ್ತಿ ನೀರು ಕುಡಿದಿರುತ್ತದೆ, ತಕ್ಕಡಿಯಲ್ಲಿ ಭಾರ ತೂಗುತ್ತದೆ. ಯಾರು ಹೇಳಿದ್ದು ಅಂತ ಆಳುಗಳನ್ನು ಕೇಳಿದರೆ ಎಲ್ಲರೂ ಭಾವನ ಕಡೆ ನೋಡಿದರು. ಭಾವ ಆಕಾಶದ ಕಡೆ ನೋಡಿದರು. ಮೂರೂ ಬಣ್ಣದ ಹತ್ತಿಯನ್ನು, ಒಂದೊಂದು ಪಟ್ಟಿಯದೂ ಬೇರೆಯಾಗಿ, ಅಂಗಳದಲ್ಲಿ ಹರವಿ, ಕೈಯಲ್ಲಿ ಹಿಡಿದರೆ ಬೀಜ ಗರಗರ ಅನ್ನುವ ತನಕ ಒಣಗಿಸಿ ತೂಗಿದೆ. ನಿತ್ಯವೂ ಹಾಗೆಯೇ ಮಾಡಿದೆ. ಮನೆಯ ಮಕ್ಕಳು ಅಂಗಳದಲ್ಲಿ ಆಡಲು ಜಾಗವಿಲ್ಲವೆಂದು ನನ್ನನ್ನು ಶಪಿಸಿದರು.

ಇಷ್ಟೆಲ್ಲ ಕಾವಲು ಕಾದವಳಿಗೆ ಎಳ್ಳ ಅಮಾವಾಸ್ಯೆಯ ದಿನ ನೆನಪಾಗಲಿಲ್ಲ ನೋಡಿ.

ಅವತ್ತು ನಮ್ಮ ಕಡೆ ಹೊಲಕ್ಕೆ ಅಡುಗೆ ಹೊತ್ತುಕೊಂಡು ಹೋಗಿ, ಅದರಲ್ಲಿ ಒಂದು ಪಾಲನ್ನು ಭೂಮಿತಾಯಿಗೆ ಚರಗವೆಂದು ಚೆಲ್ಲಿ, ಅಲ್ಲೇ ಕೂತು ಉಣ್ಣುತ್ತಾರೆ. ಭಾವ ಚರಗ ಚೆಲ್ಲಿದರು. ಸಜ್ಜೆ ಕಡುಬು, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಪುಂಡಿಪಲ್ಯ, ಯಾವುದಕ್ಕೂ ಕೊರತೆಯಿರಲಿಲ್ಲ. ಮಹಾಲಿಂಗಪುರದಿಂದ, ಮುಧೋಳದಿಂದ ನಾದಿನಿಯರು, ಅವರ ಅತ್ತೆಯರು, ಅವರ ಓಣಿಯ ಗೆಳತಿಯರು, ಎರಡು ಟ್ರ್ಯಾಕ್ಟರ್ ತುಂಬ ಹೆಂಗಸರು ಬಂದಿದ್ದರು. ನಮ್ಮ ಮನೆತನದಲ್ಲಿ ಒಂದು ರೂಢಿ. ಚರಗದ ಊಟ ಮಾಡಿದ ಹೆಣ್ಣುಮಗಳು ಆ ಹೊಲದ ಹತ್ತಿಯನ್ನು ದೇವರ ಬತ್ತಿಗೆಂದು ಒಂದು ಬೊಗಸೆ ಕಿತ್ತು ಸೆರಗಿನಲ್ಲಿ ಕಟ್ಟಿಕೊಂಡು ಹೋಗಬೇಕು. ಹಾಗೆ ಒಯ್ದರೆ ಹೊಲಕ್ಕೂ ಒಳ್ಳೆಯದು, ಒಯ್ದ ಮನೆಗೂ ಒಳ್ಳೆಯದು. ನಾನೂ ಎಷ್ಟು ವರ್ಷ ಒಯ್ದವಳೇ.

ನಾನು ಪಾತ್ರೆ ತಿಕ್ಕಿ ತಲೆ ಎತ್ತಿದಾಗ ಬಂಡಿದಾರಿಯ ಪಕ್ಕದ ಹಳದಿ ಪಟ್ಟಿಯೊಳಗೆ ಜಾತ್ರೆ ನೆರೆದಿತ್ತು. ದೊಡ್ಡ ನಾದಿನಿ ಒಂದು ಎಳೆ ಎಳೆದು ತೋರಿಸಿ ಕೂಗುತ್ತಿದ್ದಳು: “ಯವ್ವಾ, ಇದನ್ನ ನೋಡ್ರೇ! ಎಷ್ಟ್ ಉದ್ದ ಬರ್ತೈತಿ! ಗೆಜ್ಜಿವಸ್ತ್ರಕ್ಕ ಇದ ಬೇಕು. ಆ ಕೆಂಪು ಚಿಂದೀದು ಬ್ಯಾಡ, ಪಟ್ ಅಂತ ಹರೀತೈತಿ.” ಆಮೇಲೆ ಕೇಳಬೇಕೇ? ಬೊಗಸೆ ಅಂದದ್ದು ಮಡಿಲಾಯಿತು. ಮಡಿಲು ಅಂದದ್ದು ಊಟದ ಬುತ್ತಿಯ ಅರಿವೆಯಾಯಿತು. ಓಣಿಯ ದೇವರುಗಳಿಗೆಲ್ಲ ವರ್ಷಪೂರ್ತಿ ಬತ್ತಿ ಅಂತ ಕೆಲವರು ಆಗಲೇ ಒಮ್ಮೆ ಬರಿದಾದ ಗಿಡಕ್ಕೇ ಮತ್ತೆ ಕೈ ಹಾಕುತ್ತಿದ್ದರು.

ಓಡಿದೆ. ಆದರೆ ಏನಂತ ಹೇಳಲಿ? ದೇವರ ಬತ್ತಿಗೆ ಕಿತ್ತ ಹತ್ತಿಯನ್ನು ತಿರುಗಿ ಕೊಡಿ ಅಂತ ಹಬ್ಬದ ದಿನ ಯಾವ ಬಾಯಿಂದ ಕೇಳಲಿ? ಜೀವಮಾನದಲ್ಲಿ ಮೊದಲ ಸಲ ನನ್ನ ನಾಲಿಗೆ ಅಂಗುಳಕ್ಕೆ ಹತ್ತಿಕೊಂಡಿತು. ನಾದಿನಿ ಗಲ್ಲ ಹಿಂಡಿ, “ಭಾರೀ ಹತ್ತಿ ಬೆಳದೀರಿ ಬಿಡ್ರಿ ವೈನಿ,” ಅಂದಳು. ಟ್ರ್ಯಾಕ್ಟರುಗಳು ಹೋದ ಮೇಲೆ ಬದುವಿನ ಮೇಲೆ ಕೂತು ಅತ್ತುಬಿಟ್ಟೆ. ಮೇಲಿನ ಪಟ್ಟಿಯ ದೊಡ್ಡ ಬಿಡಿಸುವಿಕೆ ಆ ವಾರವೇ ಇತ್ತು.

ಭಾವನ ಹಿಗ್ಗು ಹೇಳತೀರದು. “ಆತು ಬಿಡವಾ, ನಿನ್ನ ತೂಕೆಲ್ಲಾ ಬತ್ತಿ ಆಗಿ ಹೋತು!”

ಮರುದಿನ ಸಮಾಧಾನವಾಗಿ ಹೊಲ ಸುತ್ತಿದೆ. ಹೆಂಗಸರು ಕಿತ್ತದ್ದು ದಾರಿ ಪಕ್ಕದ್ದನ್ನು ಮಾತ್ರ. ನಡುವಿನ, ಕೆಳಗಿನ ಹಳದಿ ಪಟ್ಟಿಗಳಿಗೆ ಕೈ ತಾಗಿರಲಿಲ್ಲ. ಸಂಜೆ ಭಾವನ ಎದುರು ಹೇಳಿದೆ: “ಮ್ಯಾಲಿನ ಮೂರೂ ಪಟ್ಟಿ ಲೆಕ್ಕದಾಗ ಬ್ಯಾಡ್ರಿ. ನಂದೂ ಬ್ಯಾಡ, ನಿಮ್ಮದೂ ಬ್ಯಾಡ, ಹಸಿರಿಂದೂ ಬ್ಯಾಡ. ಉಳಿದದ್ದನ್ನ ತೂಗೂಣು.”

“ಕುಣಿಯಾಕ ಬರದಾಕಿ ನೆಲ ಡೊಂಕ ಅಂದ್ಲಂತ,” ಅಂದರು ಭಾವ. “ನನ್ನ ಕೆಂಪು ಮ್ಯಾಲ ಭಾಳ ಛಲೋ ಬಂದೈತಿ. ಅದನ್ಯಾಕ ಬಿಡಲಿ?”

ಖರೆ ಹೇಳುತ್ತೇನೆ, ಅವರ ಕೆಂಪು ಅಲ್ಲಿ ಚೆನ್ನಾಗಿಯೇ ಬಂದಿತ್ತು. ಆದರೆ ಕೋಪ ನೆತ್ತಿಗೇರಿದ್ದ ನಾನು ಏನೇನೋ ಅಂದೆ, ಅವರೂ ಅಂದರು, ನನ್ನ ಗಂಡ ಎದ್ದು ಕುರಿಗಳ ಕಡೆ ಹೋದರು. ಕೊನೆಗೆ ಅತ್ತೆ ಮಗನನ್ನು ಗದರಿದಳು: “ಲೇ, ಕಿತ್ತವ್ರು ನಿನ್ನ ಅಕ್ಕತಂಗೇರು. ನಿನ್ನ ಹೊಲದಾಗ ನಿಂತು ನಿನ್ನ ಹತ್ತಿ ಬ್ಯಾಡ ಅಂದು ಅಕೀದು ಕಿತ್ತಾರ. ಅದನ್ನ ನೀ ಗೆದ್ದೀನಿ ಅಂತ ಹೇಳ್ಕೋತಿ? ನಾಚಿಕಿ ಬರೂದಿಲ್ಲೇನು?”

ಭಾವ ಗೊಣಗುತ್ತಾ ಒಪ್ಪಿದರು. ಮೇಲಿನ ಮೂರೂ ಪಟ್ಟಿ ಲೆಕ್ಕ ಬಿಟ್ಟವು.

ಕಡೆಯ ಬಿಡಿಸುವಿಕೆ ಮುಗಿದು ಎಲ್ಲ ತೂಗಿದಾಗ ಕೆಂಪೇ ಹೆಚ್ಚು. ಕೆಳಗೂ ನಡುವೆಯೂ, ಎರಡೂ ಕಡೆ ಹೆಚ್ಚು. ಹಳದಿ ಸ್ವಲ್ಪ ಹಿಂದೆ, ಹಸಿರು ಅದಕ್ಕಿಂತ ಹಿಂದೆ. ಭಾವ ಅಂದುಕೊಂಡಷ್ಟು ದೊಡ್ಡ ಅಂತರವಲ್ಲ, ಆದರೂ ಹೆಚ್ಚೇ. ಇನ್ನೊಮ್ಮೆ ತೂಗಿಸಿ ನೋಡಿದೆ, ತಕ್ಕಡಿ ಮಾತು ಬದಲಿಸಲಿಲ್ಲ. “ತೂಕದಾಗ ನೀವ ಗೆದ್ರಿ ಭಾವಾರ,” ಅಂದೆ. ಅರ್ಧ ಹೊಲ ಕಬ್ಬಿಗೆ ಹೋದ ಹಾಗೆಯೇ ಅನ್ನಿಸಿತು. ಉಳಿದದ್ದು ಎಳೆ ಒಂದೇ.

ಎಳೆಯ ಪರೀಕ್ಷೆಗೆ ಅತ್ತೆ ತನ್ನ ಉಣ್ಣೆಯ ರಾಟಿ ಒರೆಸಿಕೊಂಡು ಕೂತಳು. ಮೂರೂ ಬಣ್ಣದ ಹತ್ತಿಯ ಬೀಜ ಬಿಡಿಸಿ, ಹಿಂಜಿ, ಬೇರೆ ಬೇರೆ ಬುಟ್ಟಿಯಲ್ಲಿ ಇಟ್ಟುಕೊಟ್ಟೆ. ಉಣ್ಣೆಗೆ ಒಗ್ಗಿದ ಕೈಗೆ ಹತ್ತಿ ಮೊದಮೊದಲು ಮಾತು ಕೇಳಲಿಲ್ಲ. ಅವಳು ಹತ್ತಿಗೂ ರಾಟಿಗೂ ನನಗೂ ಸೇರಿಸಿ ಬೈದಳು. ಹದ ಸಿಕ್ಕ ಮೇಲೆ ಕೆಂಪು ಬುಟ್ಟಿಯದನ್ನು ಹಿಡಿದಾಗಲೆಲ್ಲ ನೂಲು ತುಂಡಾಗುತ್ತಿತ್ತು, ಸಣ್ಣ ಗಂಟು ಗಂಟು ಬರುತ್ತಿತ್ತು. ಹಸಿರಿನದು ನಡೆದುಕೊಂಡು ಹೋಗುತ್ತಿತ್ತು. ಹಳದಿಯದಕ್ಕೆ ಕೈಯಿಟ್ಟಾಗ ಬೈಗುಳ ನಿಂತುಬಿಟ್ಟವು. “ಇದು ನೂಲೂದಿಲ್ಲ ಬೇ, ತಾನ ಹೊಂಟೈತಿ,” ಅಂದಳು.

ನೂಲಿನ ಉಂಡೆಗಳನ್ನು ಬನಹಟ್ಟಿಗೆ ಒಯ್ದೆ. ಅಲ್ಲಿ ನಮ್ಮಲ್ಲಿಂದ ಕಂಬಳಿ ಕೊಳ್ಳುವ ನೇಕಾರ ಹೆಂಗಸೊಬ್ಬಳಿದ್ದಾಳೆ. ಓಣಿಯೆಲ್ಲ ಪವರ್‌ಲೂಮಿನ ಖಟಖಟ, ಅವಳು ಮಾತ್ರ ಇನ್ನೂ ಕೈಮಗ್ಗ ಬಿಟ್ಟಿಲ್ಲ. ಉದ್ದದ ಹಾಸು ತನ್ನದೇ ಹಾಕಿಕೊಂಡು, ಅಡ್ಡದ ಹೊಕ್ಕಿಗೆ ನನ್ನ ಮೂರು ನೂಲು ಸೇರಿಸಿ ಒಂದು ಟವೆಲ್ ನೇಯ್ದುಕೊಟ್ಟಳು. ಗುರುತಿಗೆ ಪ್ರತಿ ಪಟ್ಟಿಯ ಅಂಚಿಗೆ ಅದೇ ಬಣ್ಣದ ಒಂದೊಂದು ಗೆರೆ. ನಾನು ಪಕ್ಕದಲ್ಲೇ ಕೂತು ನೋಡಿದೆ. ಕೆಂಪಿನ ಪಾಳಿಯಲ್ಲಿ ಲಾಳಿ ನಿಲ್ಲಿಸಿ ನಿಲ್ಲಿಸಿ ಗಂಟು ಹಾಕಿದಳು. ಹಳದಿಗೆ ಬಂದಾಗ ಅವಳು ಹಾಡು ಗುನುಗತೊಡಗಿದಳು. ಕೊನೆಗೆ ಕೇಳಿದಳು: “ಇಂಥಾ ಹತ್ತಿ ನಮ್ಮ ಸೀಮಿಯೊಳಗ ಬೆಳೀತೈತೇನವಾ? ನಾವು ಇಂಥಾ ನೂಲು ಎಲ್ಲೆಲ್ಲಿಂದನೋ ತರಸ್ತೇವಿ.”

ಆ ಮಾತಿಗೆ ನನಗೆ ಮೈತುಂಬ ಹೆಮ್ಮೆಯಾಯಿತು. ಬನಹಟ್ಟಿಯಿಂದ ಬಸ್ಸಿನಲ್ಲಿ ಬರುವಾಗ ಟವೆಲನ್ನು ತೊಡೆಯ ಮೇಲೆ ಬಿಚ್ಚಿ, ಪಕ್ಕದಲ್ಲಿ ಕೂತ ಗುರುತಿಲ್ಲದ ಹೆಂಗಸಿಗೂ ಮುಟ್ಟಿಸಿದೆ.

ಮನೆಯಲ್ಲಿ ಭಾವ ಅದನ್ನು ಬೆಳಕಿಗೆ ಹಿಡಿದು ನೋಡಿದರು, ಮೂಸಿದರು, ಕುರಿಯ ಬೆನ್ನು ನೋಡುವ ಹಾಗೆ ಬೆರಳಾಡಿಸಿದರು. ಆಮೇಲೆ ಅಂಚಿನಿಂದ ಕೆಂಪಿನ ಒಂದು ನೂಲು ಎಳೆದರು. ಹರಿಯಿತು. ಹಸಿರಿನದು ಸ್ವಲ್ಪ ತಡೆದು ಹರಿಯಿತು. ಹಳದಿಯದನ್ನು ಎಳೆದರು, ಹರಿಯಲಿಲ್ಲ. ಬೆರಳಿಗೆ ಸುತ್ತಿಕೊಂಡು, ಹಲ್ಲು ಕಚ್ಚಿ, ಜಗ್ಗಿ ಎಳೆದರು.

“ಹಾಳಾಗ್ಲಿ ಇದರ...!” ಬೆರಳು ಕೊಯ್ದು ರಕ್ತ ಜಿನುಗಿತ್ತು.

ಅತ್ತೆ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಭಾವ ಬೆರಳು ಚೀಪುತ್ತಾ ಎದ್ದು ಹೋದರು, ಗೆದ್ದೆ ಅಂತಲೂ ಹೇಳಲಿಲ್ಲ, ಸೋತೆ ಅಂತಲೂ ಹೇಳಲಿಲ್ಲ. ಬೇಸಿಗೆ ಕಳೆಯಿತು. ಪೈಪಿನವನು ಒಂದು ದಿನ ಬಂದು ಭಾವನ ಜೊತೆ ಬೇವಿನ ಗಿಡದ ಕೆಳಗೆ ತುಂಬ ಹೊತ್ತು ಕೂತಿದ್ದ. ನಾನು ನೀರು ಕೊಡುವ ನೆಪದಲ್ಲಿ ಎರಡು ಸಲ ಹೋದೆ, ಮಾತು ಮಳೆಯದೇ ಇತ್ತು. ಕೇಳಲು ಧೈರ್ಯ ಬರಲಿಲ್ಲ. ಎರೆಹೊಲದ ದಾರಿ ಹಿಡಿದಾಗಲೆಲ್ಲ ಪೈಪಿಗೆ ಅಗೆದ ಕಾಲುವೆ ಕಾಣುತ್ತದೋ ಅಂತ ದೂರದಿಂದಲೇ ಕತ್ತು ಚಾಚಿ ನೋಡುತ್ತಿದ್ದೆ.

ಮುಂಗಾರು ಹತ್ತಿರವಾದಾಗ ಒಂದು ಬೆಳಗ್ಗೆ ಭಾವ ತಲೆಗೆ ಪಟಗ ಸುತ್ತಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದರು. “ಜಮಖಂಡಿಗೆ ಹೋಗೂದೈತಿ. ಬಡಬಡ ತಯಾರಾಗು,” ಅಂದರು. ಯಾಕೆ ಅಂತ ಹೇಳಲಿಲ್ಲ.

ಬಸ್ಸಿಳಿದು ಅವರು ಸೀದಾ ಬೀಜದ ಅಂಗಡಿ ಹತ್ತಿದರು. ಒಳಗೆ ಊರೂರಿನ ಗಂಡಸರು ಕಿಕ್ಕಿರಿದಿದ್ದರು, ಹೆಂಗಸು ಅಂತ ನಾನೊಬ್ಬಳೇ. ಹೊರಗೇ ಮೆಟ್ಟಿಲ ಬಳಿ ನಿಂತೆ. ಅಂಗಡಿಯವನು ಭಾವನನ್ನು ಕಂಡು ನಕ್ಕು, ಬಣ್ಣದ ಪಾಕೀಟೊಂದನ್ನು ಕಟ್ಟೆಯ ಮೇಲೆ ಇಟ್ಟ.

“ಬರ್ರಿ ಯಜಮಾನ್ರ. ಈ ವರ್ಷ ಇದ ನೋಡ್ರಿ, ಎಲ್ಲಾರೂ ಇದನ್ನ ಒಯ್ಯಾಕತ್ತಾರ.”

“ನನಗ್ಯಾಕ ತೋರಸ್ತಿ?” ಭಾವ ಅಂದರು, ಅಂಗಡಿಯೆಲ್ಲ ಕೇಳುವಂತೆ. “ನಮ್ಮ ಎರಿಹೊಲಕ್ಕ ಪೈಪ್ ಬ್ಯಾಡಂತ ಹೇಳಿ ಬಂದೀನಿ. ಅಲ್ಲಿ ಹತ್ತೀನ. ಬೀಜ ಅಕಿ ಆರಿಸ್ತಾಳ. ಅಕೀನ್ನ ಕೇಳು.”

ಎಲ್ಲರ ಮುಖ ನನ್ನ ಕಡೆ ತಿರುಗಿದವು. ಒಬ್ಬಿಬ್ಬರು ದಾರಿ ಬಿಟ್ಟರು. ನಾನು ಮೆಟ್ಟಿಲು ಹತ್ತಿ ಕಟ್ಟೆಯ ತನಕ ಹೋದೆ. ಉದ್ದ ಎಳೆಯದರ ಹೆಸರು ತಪ್ಪದೆ ಹೇಳಿದೆ. ಹೊಲಕ್ಕೆಲ್ಲ ಸಾಲುವಷ್ಟು ಕೇಳಿ, ಕೊನೆಗೆ ದಪ್ಪ ಕಾಯಿಯದನ್ನೂ ಒಂದು ಪಾಕೀಟು ಕೇಳಿದೆ.

“ಅದ್ಯಾಕ?” ಅಂದರು ಭಾವ.

“ತೂಕದಾಗ ನೀವು ಗೆದ್ದೀರೆಲ್ರಿ.”

ಅಂಗಡಿಯವನು ರೂಢಿಯಂತೆ ಚೀಲವನ್ನು ಭಾವನ ಕಡೆಗೇ ಚಾಚಿದ. ಅವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು. ಚೀಲ ನಾನು ತೆಗೆದುಕೊಂಡೆ. ನಮ್ಮ ಮನೆಯಲ್ಲಿ ಭಾವನ ಮುಂದೆ ಹೆಜ್ಜೆ ಹಾಕುವ ಪದ್ಧತಿಯಿಲ್ಲ. ಅವತ್ತು ಅಂಗಡಿಯಿಂದ ಬಸ್ ಸ್ಟ್ಯಾಂಡಿನ ತನಕ ನಾನು ಮುಂದೆ ನಡೆದೆ, ಅವರು ಹಿಂದೆ ಬಂದರು.